ಒಂದು ದೊಡ್ಡ ನೌಕೆಗೆ ಎಷ್ಟು ಚಿಕ್ಕ ನೌಕೆ ಸಮ?

ಮೇಜಿನ ಮೇಲೆ ಆಡುವ ವ್ಯೋಮಯುದ್ಧದ ಆಟವನ್ನು ನೀವೇ ಕಟ್ಟುತ್ತಿದ್ದರೂ ಸರಿ, ಇರುವ ಆಟಕ್ಕೆ ನಿಮ್ಮದೇ ನಿಯಮ ಸೇರಿಸಿಕೊಳ್ಳುತ್ತಿದ್ದರೂ ಸರಿ, ಒಂದಲ್ಲ ಒಂದು ದಿನ ಈ ತೊಡಕು ಎದುರಾಗುತ್ತದೆ. ಒಬ್ಬರ ಕೈಲಿ ಒಂದೇ ಒಂದು ಭಾರೀ ಯುದ್ಧನೌಕೆ, ಇನ್ನೊಬ್ಬರ ಕೈಲಿ ಆರು ಪುಟ್ಟ ಫ್ರಿಗೇಟ್. ಪಾಯಿಂಟ್ ಲೆಕ್ಕದಲ್ಲಿ, ಅಂದರೆ ಪಡೆ ಕಟ್ಟುವಾಗ ನೌಕೆಗಳಿಗೆ ತೆರುವ ಬೆಲೆಯ ಲೆಕ್ಕದಲ್ಲಿ, ಇಬ್ಬರೂ ಸರಿಸಮ. ಆದರೆ ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಫ್ರಿಗೇಟುಗಳೆಲ್ಲ ಡಬ್ಬಿಗೆ ವಾಪಸು ಹೋಗಿರುತ್ತವೆ, ಯುದ್ಧನೌಕೆ ಮಾತ್ರ ಮೇಜಿನ ನಡುವೆ ನಿಂತಿರುತ್ತದೆ. ಕೆಲವು ಆಟಗಳಲ್ಲಿ ಇದಕ್ಕೆ ತೀರಾ ಉಲ್ಟಾ: ಚಿಕ್ಕ ನೌಕೆಗಳ ಹಿಂಡು ಎದುರಿಗೆ ಬಂತೆಂದರೆ ದೊಡ್ಡ ನೌಕೆ ತಂದವರು ಅರ್ಧದಲ್ಲೇ ಕೈಚೆಲ್ಲುತ್ತಾರೆ.

ಆಗ ಎಲ್ಲರೂ ಮೊದಲು ಕೈಹಾಕುವುದು ಪಾಯಿಂಟಿಗೆ. ದೊಡ್ಡದರ ಬೆಲೆ ಹತ್ತು ಏರಿಸು, ಚಿಕ್ಕದರದ್ದು ಎರಡು ಇಳಿಸು. ನಾವೂ ತುಂಬ ದಿನ ಹೀಗೇ ಮಾಡಿದೆವು. ಬೆಲೆ ತಿದ್ದಿದಷ್ಟೂ ಇನ್ನೊಂದು ಕಡೆ ಹುಳುಕು ಕಾಣಿಸುತ್ತಿತ್ತು. ಬೆಲೆ ತಿದ್ದುವುದು ಕೊನೆಯ ಕೆಲಸ ಎಂಬುದು ಈಗ ನನಗೆ ಖಚಿತವಾಗಿದೆ. ನಿಯಮಗಳಲ್ಲಿ ಎಲ್ಲೆಲ್ಲಿ ಗಾತ್ರಕ್ಕೆ ಪುಕ್ಕಟೆ ಲಾಭ ಸಿಗುತ್ತಿದೆ, ಎಲ್ಲೆಲ್ಲಿ ಸಂಖ್ಯೆಗೆ ಪುಕ್ಕಟೆ ಲಾಭ ಸಿಗುತ್ತಿದೆ ಎಂದು ಮೊದಲು ಹುಡುಕಬೇಕು. ಆ ಸೋರಿಕೆ ಮುಚ್ಚಿದ ಮೇಲೆ ಉಳಿಯುವ ಚೂರುಪಾರು ವ್ಯತ್ಯಾಸಕ್ಕೆ ಮಾತ್ರ ಪಾಯಿಂಟ್.

ಹೆಜ್ಜೆ 1: ಕಾಗದದ ಮೇಲೆ ಒಂದು ಯುದ್ಧ ಮಾಡಿ

ದಾಳ ಪಕ್ಕಕ್ಕಿಡಿ. ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಇಷ್ಟು ಇಟ್ಟುಕೊಳ್ಳೋಣ: ಯುದ್ಧನೌಕೆಗೆ 24 ಹಲ್, 12 ದಾಳ. ಫ್ರಿಗೇಟಿಗೆ 4 ಹಲ್, 2 ದಾಳ. ಹಲ್ ಅಂದರೆ ಮುರಿದು ಬೀಳುವ ಮುನ್ನ ನೌಕೆ ತಡೆದುಕೊಳ್ಳುವ ಪೆಟ್ಟು. ದಾಳದಲ್ಲಿ 4, 5, 6 ಬಿದ್ದರೆ ಒಂದು ಪೆಟ್ಟು, ಅಂದರೆ ಸರಾಸರಿ ಎರಡು ದಾಳಕ್ಕೆ ಒಂದು. ಆರು ಫ್ರಿಗೇಟ್ ಕೂಡಿಸಿದರೆ 24 ಹಲ್, 12 ದಾಳ. ಅಂದಮೇಲೆ ಸಮ ಅನಿಸುತ್ತದೆ, ಅಲ್ಲವೇ? ಎರಡೂ ಕಡೆ ಒಟ್ಟಿಗೇ ಗುಂಡು ಹಾರಿಸುತ್ತವೆ, ದೊಡ್ಡದು ಒಂದೊಂದೇ ಫ್ರಿಗೇಟನ್ನು ಮುಗಿಸುತ್ತಾ ಹೋಗುತ್ತದೆ ಎಂದು ಹಿಡಿಯೋಣ.

ಮೊದಲ ಸುತ್ತು: ಆರು ಫ್ರಿಗೇಟಿನಿಂದ 6 ಪೆಟ್ಟು, ಯುದ್ಧನೌಕೆಗೆ 18 ಉಳಿಯಿತು. ಯುದ್ಧನೌಕೆಯಿಂದಲೂ 6 ಪೆಟ್ಟು: ಒಂದು ಫ್ರಿಗೇಟ್ ಹೋಯಿತು, ಇನ್ನೊಂದು ಅರ್ಧ ಜಖಂ.
ಎರಡನೇ ಸುತ್ತು: ಐದು ಫ್ರಿಗೇಟಿನಿಂದ 5 ಪೆಟ್ಟು, ಯುದ್ಧನೌಕೆ 13. ಅತ್ತ ಒಟ್ಟು 12 ಪೆಟ್ಟಾಗಿ ಮೂರು ಹೋದವು.
ಮೂರನೇ ಸುತ್ತು: ಉಳಿದ ಮೂರರಿಂದ 3, ಯುದ್ಧನೌಕೆ 10. ನಾಲ್ಕನೆಯದೂ ಹೋಯಿತು.
ನಾಲ್ಕನೇ ಸುತ್ತು: ಎರಡರಿಂದ 2, ಯುದ್ಧನೌಕೆ 8. ಕೊನೆಯ ಎರಡೂ ಹೋದವು.

ಸಮ ಎಂದುಕೊಂಡ ಕಾಳಗದಲ್ಲಿ ದೊಡ್ಡ ನೌಕೆ ಮೂರನೇ ಒಂದು ಭಾಗ ಹಲ್ ಉಳಿಸಿಕೊಂಡು ಗೆದ್ದಿತು. ಅದೃಷ್ಟದ ಮಾತೇ ಇಲ್ಲ, ನಾವು ದಾಳವನ್ನೇ ಮುಟ್ಟಿಲ್ಲ. ಕಾರಣ ಇಷ್ಟೇ: ನಾಲ್ಕು ಪೆಟ್ಟು ಬಿದ್ದಾಗೆಲ್ಲ ಚಿಕ್ಕವರ ಕಡೆ ಎರಡು ದಾಳ ಕಡಿಮೆಯಾಗುತ್ತದೆ. ದೊಡ್ಡದಕ್ಕೆ ಹದಿನಾರು ಪೆಟ್ಟು ಬಿದ್ದರೂ ಅದೇ ಹನ್ನೆರಡು ದಾಳ. ಕೊನೆಯ ಉಸಿರಿನವರೆಗೂ ಅದು ಹೊಸ ನೌಕೆಯಂತೆ ಹೊಡೆಯುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲಾಂಚೆಸ್ಟರ್ ವಿಮಾನಯುದ್ಧದ ಬಗ್ಗೆ 1916ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಬಗೆಯ ಗಣಿತವಿದೆ. ಹೊಡೆಯುವ ಶಕ್ತಿ ಹೇಗೆ ಕರಗುತ್ತದೆ ಎಂಬುದರ ಮೇಲೆ ಸೋಲು-ಗೆಲುವು ನಿಂತಿದೆ ಎಂಬ ಅವರ ಮಾತನ್ನು ನಮ್ಮ ಈ ಪುಟ್ಟ ಲೆಕ್ಕವೂ ಹೇಳುತ್ತದೆ.

ನಿಮ್ಮ ಆಟದ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಕಾಲು ಗಂಟೆಯ ಕೆಲಸ. ಗೆದ್ದ ಕಡೆ ಎಷ್ಟು ಹಲ್ ಉಳಿಯಿತು ಎಂಬ ಒಂದು ಅಂಕಿಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಪ್ರತಿ ತಿದ್ದುಪಡಿಯನ್ನೂ ಅದಕ್ಕೆ ಹೋಲಿಸಿ ನೋಡಬೇಕು.

ಇದೇ ಹಾಳೆಯಲ್ಲಿ ಇನ್ನೊಂದನ್ನು ಪರೀಕ್ಷಿಸಿ. ಒಟ್ಟಿಗೇ ಹೊಡೆಯುವ ಬದಲು, ದೊಡ್ಡದು ಮೊದಲು ಹೊಡೆದು, ಸತ್ತ ಫ್ರಿಗೇಟನ್ನು ಅಲ್ಲೇ ತೆಗೆದುಬಿಟ್ಟರೆ? ಆಗ ದೊಡ್ಡದಕ್ಕೆ ಉಳಿಯುವುದು 8 ಅಲ್ಲ, 14. ಒಂದೇ ಒಂದು ಸಾಲಿನ ನಿಯಮಕ್ಕೆ ಇಷ್ಟು ವ್ಯತ್ಯಾಸ. ಅದಕ್ಕೇ ನನ್ನ ಸಲಹೆ: ಸತ್ತ ನೌಕೆಯನ್ನು ಸುತ್ತಿನ ಕೊನೆಯಲ್ಲಿ ತೆಗೆಯಿರಿ. ಆ ಸುತ್ತಿನ ಗುಂಡು ಹಾರಿಸಿಯೇ ಅದು ಸಾಯಲಿ.

ಹೆಜ್ಜೆ 2: ಪೆಟ್ಟು ತಿಂದ ದೊಡ್ಡ ನೌಕೆ ಕುಂಟಬೇಕು

ರೋಗ ಎಲ್ಲಿದೆ ಎಂದು ಗೊತ್ತಾಯಿತಲ್ಲ, ಮದ್ದೂ ಅಲ್ಲೇ ಇದೆ. ದೊಡ್ಡ ನೌಕೆಯ ಹಲ್ ಅನ್ನು ನಾಲ್ಕು ಸಾಲಾಗಿ ಭಾಗ ಮಾಡಿ. ನಮ್ಮ ಯುದ್ಧನೌಕೆಗೆ ಸಾಲಿಗೆ 6ರಂತೆ. ಒಂದು ಸಾಲು ಮುಗಿದಾಗಲೆಲ್ಲ 3 ದಾಳ ಹೋಗುತ್ತದೆ: 12, 9, 6, 3. ಈಗ ಅದೇ ಕಾಳಗವನ್ನು ಕಾಗದದ ಮೇಲೆ ಮತ್ತೆ ನಡೆಸಿ.

ಮೊದಲ ಸುತ್ತು ಮುಗಿದಾಗ ಯುದ್ಧನೌಕೆ 18ಕ್ಕೆ ಇಳಿದು ದಾಳ 9 ಆಗುತ್ತದೆ. ಎರಡನೇ ಸುತ್ತಿಗೆ 13, ಮೂರನೆಯದಕ್ಕೆ 9, ದಾಳ 6. ನಾಲ್ಕನೆಯದಕ್ಕೆ ಹಲ್ 6, ದಾಳ 3. ಅಲ್ಲಿಂದ ಮುಂದೆ ಎರಡೂ ಕಡೆ ಏದುಸಿರು ಬಿಡುತ್ತಾ ಹೊಡೆದಾಡುತ್ತವೆ. ಎಂಟನೇ ಸುತ್ತಿನ ಕೊನೆಗೆ ಯುದ್ಧನೌಕೆಯ ಕೊನೆಯ ಹಲ್ಲೂ, ಆರನೇ ಫ್ರಿಗೇಟಿನ ಕೊನೆಯ ಹಲ್ಲೂ ಒಟ್ಟಿಗೇ ಹೋಗುತ್ತವೆ. ಮೊದಲ ಸಲ ಈ ಲೆಕ್ಕ ಮಾಡಿದಾಗ ಎಲ್ಲೋ ತಪ್ಪಿದ್ದೇನೆಂದು ಮತ್ತೆರಡು ಸಲ ಮಾಡಿ ನೋಡಿದೆ. ತಪ್ಪಿರಲಿಲ್ಲ. ಬೆಲೆಯನ್ನು ಮುಟ್ಟದೆಯೇ ತಕ್ಕಡಿ ನೆಟ್ಟಗಾಗಿತ್ತು.

ಫುಲ್ ಥ್ರಸ್ಟ್ ಎಂಬ ಹಳೆಯ ಆಟ ಇದನ್ನು ಚೆನ್ನಾಗಿ ಮಾಡುತ್ತದೆ. ಅದರಲ್ಲೂ ಹಲ್ ಚೌಕಗಳು ನಾಲ್ಕು ಸಾಲು. ಸಾಲು ಮುಗಿದಾಗ ನೌಕೆಯಲ್ಲಿರುವ ಪ್ರತಿಯೊಂದು ಉಪಕರಣಕ್ಕೂ ಒಂದೊಂದು ದಾಳ ಎಸೆಯಬೇಕು. ಮೊದಲ ಸಾಲಿಗೆ 6 ಬಿದ್ದರೆ, ಎರಡನೆಯದಕ್ಕೆ 5 ಅಥವಾ 6, ಮೂರನೆಯದಕ್ಕೆ 4ರಿಂದ 6 ಬಿದ್ದರೆ ಆ ಉಪಕರಣ ಕೆಟ್ಟಂತೆ. ಎಂಜಿನ್ ನಿಂತ ನೌಕೆ ಹಿಂದಿನ ವೇಗದಲ್ಲೇ ತೇಲಿಕೊಂಡು ಹೋಗುವುದನ್ನು ನೋಡಿದರೆ ಆಡುವವರು ಕುರ್ಚಿ ಬಿಟ್ಟು ಎದ್ದು ನಿಲ್ಲುತ್ತಾರೆ. ನಿಮ್ಮ ಆಟದಲ್ಲಿ ಇಷ್ಟು ದಾಳ ಎಸೆಯಲು ಪುರುಸೊತ್ತಿಲ್ಲದಿದ್ದರೆ ಮೇಲೆ ಹೇಳಿದ ‘ಸಾಲಿಗೆ ಮೂರು ದಾಳ’ ಸಾಕು. ದುರಸ್ತಿಯ ನಿಯಮ ಇಟ್ಟರೆ ಮಾತ್ರ ಹುಷಾರು. ಸುತ್ತಿಗೆ ಒಂದಕ್ಕಿಂತ ಹೆಚ್ಚು ಉಪಕರಣ ರಿಪೇರಿಯಾದರೆ ನೀವು ಮುಚ್ಚಿದ ತೂತು ಮತ್ತೆ ಬಾಯಿಬಿಡುತ್ತದೆ.

ಹೆಜ್ಜೆ 3: ಸರದಿಯ ಲೆಕ್ಕ

ಇಲ್ಲಿಯವರೆಗೆ ಗಾತ್ರಕ್ಕೆ ಸಿಗುವ ಲಾಭ ನೋಡಿದೆವು. ಸರದಿಯಲ್ಲಿ ಲಾಭ ಸಂಖ್ಯೆಗೆ. ‘ನೀನೊಂದು ನಡೆಸು, ನಾನೊಂದು ನಡೆಸುತ್ತೇನೆ’ ಎಂಬ ಆಟಗಳಲ್ಲಿ ಒಂದು ನೌಕೆಯವರ ಸರದಿ ಒಂದೇ ಸಲಕ್ಕೆ ಮುಗಿಯುತ್ತದೆ. ಆಮೇಲೆ ಎದುರಾಳಿ ಐದು ನೌಕೆಗಳನ್ನು ಒಂದರ ಹಿಂದೆ ಒಂದು, ಎಲ್ಲವನ್ನೂ ನೋಡಿಕೊಂಡು, ಯುದ್ಧನೌಕೆಯ ಬೆನ್ನಿಗೇ ತಂದು ನಿಲ್ಲಿಸಬಹುದು. ಇದನ್ನು ಅರಿತವರು ಯುದ್ಧಕ್ಕೇ ಬಾರದ ಅಗ್ಗದ ನೌಕೆಗಳನ್ನು ಬರಿಯ ಸರದಿ ತಳ್ಳಲೆಂದೇ ಕೊಳ್ಳತೊಡಗುತ್ತಾರೆ. 2015ರಲ್ಲಿ ಬಂದ ಸ್ಟಾರ್ ವಾರ್ಸ್: ಆರ್ಮಡಾ ಆಟದಲ್ಲಿ ಇದು ದೊಡ್ಡ ತಲೆನೋವಾಗಿ, ಕಡಿಮೆ ನೌಕೆ ಇರುವವರಿಗೆ ಸರದಿ ಬಿಟ್ಟುಕೊಡುವ ಟೋಕನ್ ಕೊಡುವ ನಿಯಮವನ್ನು ಆಮೇಲೆ ಸೇರಿಸಬೇಕಾಯಿತು.

ದಾರಿ ಮೂರಿವೆ. ಮೊದಲನೆಯದು ಈ ಟೋಕನ್. ಎರಡನೆಯದು, ದೊಡ್ಡ ನೌಕೆಗೆ ಎರಡು ಸರದಿ: ಒಂದರಲ್ಲಿ ಚಲನೆ, ಇನ್ನೊಂದರಲ್ಲಿ ಗುಂಡು. ಮೂರನೆಯದು, ಚಿಕ್ಕ ನೌಕೆಗಳನ್ನು ಮೂರರ ತಂಡ ಮಾಡಿ, ತಂಡಕ್ಕೆ ಒಂದು ಸರದಿ. ನನಗೆ ಮೂರನೆಯದೇ ಹೆಚ್ಚು ಇಷ್ಟ. ಒಂದಕ್ಕೆ ಆರು ಇದ್ದದ್ದು ಒಂದಕ್ಕೆ ಎರಡಾಗುತ್ತದೆ, ಆಟವೂ ಬೇಗ ಸಾಗುತ್ತದೆ. ಹನ್ನೆರಡು ನೌಕೆಗಳನ್ನು ಒಂದೊಂದಾಗಿ ಅಳೆದು ಜರುಗಿಸುವಾಗ ಎದುರು ಕೂತವರು ಸುಮ್ಮನೆ ಮೇಜು ನೋಡಿಕೊಂಡಿರಬೇಕಾಗುತ್ತದೆ, ಅದೂ ಒಂದು ಬಗೆಯ ಅಸಮತೋಲವೇ. ತಂಡದ ನೌಕೆಗಳು ಒಂದಕ್ಕೊಂದು 10 ಸೆಂಟಿಮೀಟರ್ ಒಳಗಿರಬೇಕು ಎಂದು ಸೇರಿಸಿ. ಇಲ್ಲದಿದ್ದರೆ ಹೆಸರಿಗೆ ಮಾತ್ರ ತಂಡವಾಗಿ, ಮೂರೂ ಮೂರು ದಿಕ್ಕಿಗೆ ಹೋಗುತ್ತವೆ.

ಸರದಿಯ ಇನ್ನೊಂದು ಮುಖ, ಮೊದಲೇ ಯೋಚಿಸಬೇಕಾದ ಭಾರ. ಆರ್ಮಡಾದಲ್ಲಿ ಪ್ರತಿ ನೌಕೆಗೂ ಆದೇಶದ ಡಯಲ್, ಅಂದರೆ ಆದೇಶವನ್ನು ತಿರುಗಿಸಿ ಆರಿಸುವ ಬಿಲ್ಲೆ, ಇಡಬೇಕು. ಚಿಕ್ಕ ನೌಕೆ ಆ ಸುತ್ತಿನ ಆದೇಶವನ್ನು ಆಗಲೇ ಕೊಟ್ಟುಕೊಂಡರೆ ಸಾಕು, ದೊಡ್ಡವು ಎರಡು ಮೂರು ಸುತ್ತು ಮುಂಚಿತವಾಗಿ ನಿರ್ಧರಿಸಿ ಒಂದರ ಮೇಲೊಂದು ಪೇರಿಸಿಟ್ಟುಕೊಳ್ಳಬೇಕು. ದೊಡ್ಡ ನೌಕೆ ನಿಧಾನ ಎಂಬುದನ್ನು ಸೆಂಟಿಮೀಟರಿನಲ್ಲಿ ಮಾತ್ರ ಹೇಳದೆ ಆಟಗಾರರ ತಲೆಯಲ್ಲೂ ಕೂರಿಸುವ ಈ ಉಪಾಯ ನನಗೆ ಬಹಳ ಹಿಡಿಸಿತು.

ಹೆಜ್ಜೆ 4: ದೂರ

ದೊಡ್ಡ ನೌಕೆಯ ತೋಪು 90 ಸೆಂಟಿಮೀಟರ್ ಮುಟ್ಟುತ್ತದೆ, ಫ್ರಿಗೇಟಿನದು 30. ಫ್ರಿಗೇಟಿನ ವೇಗ ಸುತ್ತಿಗೆ 30. ನಡುವೆ 100 ಸೆಂಟಿಮೀಟರ್ ಇಟ್ಟು ಆಟ ಶುರು ಮಾಡಿದರೆ 70ರಲ್ಲಿ ಒಮ್ಮೆ, 40ರಲ್ಲಿ ಒಮ್ಮೆ ಫ್ರಿಗೇಟುಗಳು ಸುಮ್ಮನೆ ಪೆಟ್ಟು ತಿನ್ನಬೇಕು. ಹನ್ನೆರಡು ಪೆಟ್ಟು, ಅಂದರೆ ಮೂರು ಫ್ರಿಗೇಟ್, ಬಾಯಿ ತೆರೆಯುವ ಮೊದಲೇ ಹೋದವು. ಹೆಜ್ಜೆ 2ರಲ್ಲಿ ಕಂಡ ಸಮತೋಲ ಇಲ್ಲಿ ಮಣ್ಣುಪಾಲು.

ದೂರ ಹೆಚ್ಚಿದಂತೆ ದಾಳ ಕಡಿಮೆ ಮಾಡಿ. 30ರೊಳಗೆ 12 ದಾಳ, 60ರೊಳಗೆ 8, 90ರೊಳಗೆ 4. ಆಗ 70ರಲ್ಲಿ ಸರಾಸರಿ 2 ಪೆಟ್ಟು, 40ರಲ್ಲಿ 4. ಒಟ್ಟು ಆರು, ಮೊದಲಿನ ಅರ್ಧ. ಇನ್ನುಳಿದ ಅರ್ಧಕ್ಕೆ ಮೇಜಿನ ಮೇಲೆ ಒಂದೆರಡು ಕ್ಷುದ್ರಗ್ರಹದ ಗುಂಪು ಅಥವಾ ಧೂಳಿನ ಮೋಡ ಇಡಿ. ಚಿಕ್ಕವು ಅದರ ಮರೆಯಲ್ಲಿ ಹತ್ತಿರವಾಗಲಿ. ಖಾಲಿ ಮೇಜು ಯಾವತ್ತೂ ಉದ್ದ ತೋಪಿನವರ ಪಕ್ಷ.

ತೋಪಿನ ದಿಕ್ಕನ್ನೂ ಇಲ್ಲೇ ತೀರ್ಮಾನಿಸಿ. ನೌಕೆಯ ಸುತ್ತ 60 ಡಿಗ್ರಿಯ ಆರು ಭಾಗ ಮಾಡಿ, ದೊಡ್ಡದರ ಹನ್ನೆರಡೂ ದಾಳ ಒಂದೇ ಭಾಗಕ್ಕೆ ಬೀಳದಂತೆ ಹಂಚಿ. ಹಿಂಬದಿಗೆ ಎರಡೇ ದಾಳ ಕೊಟ್ಟರೆ ಚಿಕ್ಕವರಿಗೆ ಬೆನ್ನು ಹಿಡಿಯುವ ಆಸೆ ಹುಟ್ಟುತ್ತದೆ, ದೊಡ್ಡವರಿಗೆ ಬೆನ್ನು ಕಾಯುವ ಚಿಂತೆ. ನಿಜವಾದ ಆಟ ಶುರುವಾಗುವುದೇ ಅಲ್ಲಿಂದ.

ಹೆಜ್ಜೆ 5: ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ಭಾರೀ ತೋಪೊಂದು ತಗುಲಿದರೆ 8 ಪೆಟ್ಟು ಎಂದಿಟ್ಟುಕೊಳ್ಳಿ. 4 ಹಲ್ಲಿನ ಫ್ರಿಗೇಟಿಗೆ ಅದು ಬಡಿದರೆ ಅರ್ಧ ಪೆಟ್ಟು ವ್ಯರ್ಥ. ಈ ವ್ಯರ್ಥವೇ ಚಿಕ್ಕ ನೌಕೆಯ ದೊಡ್ಡ ರಕ್ಷಣೆ, ಅದನ್ನು ಹಾಳು ಮಾಡಬೇಡಿ. ಉಳಿದ ಪೆಟ್ಟನ್ನು ಪಕ್ಕದ ನೌಕೆಗೆ ದಾಟಿಸಬಹುದು ಎಂಬ ನಿಯಮ ಬೇಡ. ಯಾವ ತೋಪು ಯಾರಿಗೆ ಎಂದು ದಾಳ ಎಸೆಯುವ ಮೊದಲೇ ಹೇಳಬೇಕು ಎಂಬ ನಿಯಮ ಬೇಕು.

1944ರ ಅಕ್ಟೋಬರ್ 25ರಂದು ಫಿಲಿಪ್ಪೀನ್ಸಿನ ಸಮರ್ ದ್ವೀಪದ ಬಳಿ ನಡೆದ ಸಮುದ್ರಯುದ್ಧವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಯಮಾಟೊ ಸೇರಿದಂತೆ ಜಪಾನಿನ ನಾಲ್ಕು ಯುದ್ಧನೌಕೆಗಳ ಪಡೆಗೆ ಅಮೆರಿಕದ ಕೆಲವೇ ಡಿಸ್ಟ್ರಾಯರುಗಳು ಎದುರು ನಿಂತವು. ದಪ್ಪ ಕವಚ ಸೀಳಲೆಂದು ಮಾಡಿದ ಜಪಾನಿನ ಗುಂಡುಗಳು ಆ ಪುಟ್ಟ ಹಡಗುಗಳ ತೆಳು ತಗಡನ್ನು ತೂರಿ ಸಿಡಿಯದೆ ಆಚೆ ಹೋದದ್ದೂ ಉಂಟು. ಅದಕ್ಕಿಂತ ಮುಖ್ಯವಾದದ್ದು ಟಾರ್ಪಿಡೊ. ಅವುಗಳಿಂದ ತಪ್ಪಿಸಿಕೊಳ್ಳಲು ಯಮಾಟೊ ಯುದ್ಧಕ್ಕೆ ಬೆನ್ನು ಹಾಕಿ ತಿರುಗಬೇಕಾಯಿತು. ಆ ಟಾರ್ಪಿಡೊಗಳು ಅದಕ್ಕೆ ತಗುಲಲಿಲ್ಲ, ಆದರೂ ಕೆಲಸವಾಯಿತು.

ನಿಮ್ಮ ಫ್ರಿಗೇಟಿಗೂ ಇಂಥದ್ದೊಂದು ಕೊಡಿ. ಆಟಕ್ಕೆ ಒಂದೇ ಸಲ, 30 ಸೆಂಟಿಮೀಟರ್ ಒಳಗೆ. ಬಿಟ್ಟ ಸುತ್ತಿನಲ್ಲಿ ಮೇಜಿನ ಮೇಲೆ ಗುರುತು ಇಡಬೇಕು, ಮುಂದಿನ ಸುತ್ತಿನ ಕೊನೆಗೆ ಅದರ 10 ಸೆಂಟಿಮೀಟರ್ ಒಳಗಿರುವವರಿಗೆ 4 ಪೆಟ್ಟು. ದೊಡ್ಡ ನೌಕೆ ಬೇಕಾದರೆ ತಪ್ಪಿಸಿಕೊಳ್ಳಲಿ, ಆದರೆ ಅದಕ್ಕಾಗಿ ತಿರುಗಲೇಬೇಕು. ತಿರುಗಿದರೆ ಒಳ್ಳೆಯ ತೋಪುಗಳ ದಿಕ್ಕು ತಪ್ಪುತ್ತದೆ. ಇಂಥ ಇಕ್ಕಟ್ಟು ತಂದೊಡ್ಡುವ ನೌಕೆಗೆ ದಾಳ ಎರಡೇ ಇದ್ದರೂ ಯಾರೂ ಅದನ್ನು ಕಡೆಗಣಿಸುವುದಿಲ್ಲ.

ಕವಚದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ‘ಪ್ರತಿ ದಾಳಿಯಿಂದ 1 ಪೆಟ್ಟು ಕಳೆ’ ಎಂಬ ನಿಯಮ ನೋಡಲು ಬಲು ಸಾಧು. ಎರಡು ದಾಳದ ಫ್ರಿಗೇಟಿಗೆ ಅದು ಏನು ಮಾಡುತ್ತದೆ ನೋಡಿ. ನಾಲ್ಕರಲ್ಲಿ ಒಂದು ಸಲ ಎರಡೂ ದಾಳ ತಗುಲುತ್ತವೆ, ಎರಡು ಸಲ ಒಂದು, ಒಂದು ಸಲ ಯಾವುದೂ ಇಲ್ಲ. ಒಂದು ಕಳೆದ ಮೇಲೆ ನಾಲ್ಕು ದಾಳಿಗೆ ಉಳಿಯುವುದು ಒಂದೇ ಪೆಟ್ಟು. ಫ್ರಿಗೇಟಿನ ಬಲ ಕಾಲು ಭಾಗಕ್ಕೆ ಇಳಿಯಿತು. ಅದೇ ಹನ್ನೆರಡು ದಾಳದವರಿಗೆ ಆರರಲ್ಲಿ ಒಂದು ಹೋದರೆ ಲೆಕ್ಕಕ್ಕೇ ಬರುವುದಿಲ್ಲ. ಮೂರರ ತಂಡ ಒಟ್ಟಾಗಿ ಆರು ದಾಳ ಎಸೆದರೆ ಸರಾಸರಿ ಮೂರರಲ್ಲಿ ಎರಡು ಉಳಿಯುತ್ತದೆ. ತಂಡದ ನಿಯಮ ನನಗೆ ಹಿಡಿಸಲು ಇದೂ ಒಂದು ಕಾರಣ.

ಹೆಜ್ಜೆ 6: ಗೆಲುವನ್ನು ಏನಿಂದ ಅಳೆಯುತ್ತೀರಿ?

ನೌಕೆಯೊಂದನ್ನು ಪೂರ್ತಿ ಮುಗಿಸಿದರೆ ಮಾತ್ರ ಅದರ ಪಾಯಿಂಟ್ ಸಿಗುತ್ತದೆ ಎಂದರೆ ದೊಡ್ಡ ನೌಕೆಗೆ ಅನುಕೂಲ. 23 ಹಲ್ ಕಳೆದುಕೊಂಡು ಕುಂಟುತ್ತಾ ಮೇಜಿನಂಚಿಗೆ ಓಡಿದರೂ ಎದುರಾಳಿಗೆ ಸೊನ್ನೆ. ಅದೇ ಹೊಡೆತದಲ್ಲಿ ಐದು ಫ್ರಿಗೇಟ್ ಸತ್ತಿರುತ್ತಿದ್ದವು, ಅಷ್ಟೂ ಪಾಯಿಂಟ್ ಕೈಸೇರುತ್ತಿತ್ತು. ಅರ್ಧ ಹಲ್ ಹೋದರೆ ಅರ್ಧ ಪಾಯಿಂಟ್ ಎಂದು ಬರೆದುಬಿಡಿ.

ಜಾಗ ಹಿಡಿಯುವ ಆಟವಾದರೆ ಸಮಸ್ಯೆ ತಿರುಗುಮುರುಗು. ಮೇಜಿನ ಮೇಲೆ ಐದು ನೆಲೆಗಳಿದ್ದು, ಯಾವ ನೌಕೆ ನಿಂತರೂ ನೆಲೆ ನಿಮ್ಮದು ಎಂದರೆ ಯುದ್ಧನೌಕೆ ಕೊಳ್ಳುವವರು ಯಾರೂ ಇರುವುದಿಲ್ಲ. ನೆಲೆಗಳನ್ನು ಮೂರಕ್ಕೆ ಇಳಿಸಿ. ಎರಡನ್ನು ಯಾರು ಬೇಕಾದರೂ ಹಿಡಿಯಲಿ. ನಡುವಿನ ಒಂದನ್ನು ಮಾತ್ರ ಅಲ್ಲಿ ಹೆಚ್ಚು ಹಲ್ ಉಳಿಸಿಕೊಂಡಿರುವವರಿಗೆ ಕೊಡಿ.

ಹೆಜ್ಜೆ 7: ಈಗ ಪಾಯಿಂಟ್

ಇಷ್ಟಾದ ಮೇಲೆ ಹೆಜ್ಜೆ 1ರ ಹಾಳೆಗೆ ಮರಳಿ. ಕುಂಟುವ ನಿಯಮವನ್ನು ಯಾವುದೋ ಕಾರಣಕ್ಕೆ ನೀವು ಹಾಕಲಿಲ್ಲ ಎನ್ನಿ. ಆಗ ಯುದ್ಧನೌಕೆಗೆ ಎಷ್ಟು ಫ್ರಿಗೇಟ್ ಸಮ? ಏಳು ಫ್ರಿಗೇಟ್ ತಂದರೆ ದೊಡ್ಡದು 3 ಹಲ್ ಉಳಿಸಿಕೊಂಡು ಗೆಲ್ಲುತ್ತದೆ. ಎಂಟು ತಂದರೆ ಅದು ಸಾಯುತ್ತದೆ, ಎರಡು ಫ್ರಿಗೇಟ್ ಉಳಿಯುತ್ತವೆ. ಅಂದರೆ ಸರಿಯಾದ ಬೆಲೆ ಏಳೂವರೆ ಫ್ರಿಗೇಟ್. ಫ್ರಿಗೇಟಿಗೆ 20 ಪಾಯಿಂಟ್ ಇದ್ದರೆ ಯುದ್ಧನೌಕೆಗೆ 120 ಅಲ್ಲ, 150. ಬಿಡಿಭಾಗಗಳ ಬೆಲೆ ಕೂಡಿಸಿ ನೌಕೆಯ ಬೆಲೆ ಕಟ್ಟುವ ಆಟಗಳೆಲ್ಲ ಎಡವುವುದು ಈ 30ರಲ್ಲೇ. ಫುಲ್ ಥ್ರಸ್ಟಿಗೂ ಆಮೇಲೆ ಇನ್ನೊಂದು ಬೆಲೆಪಟ್ಟಿ ಬಂತು. ಅದರಲ್ಲಿ ನೌಕೆಯ ಮೈಯ ಬೆಲೆ ಅದರ ತೂಕವನ್ನು ಅದೇ ತೂಕದಿಂದ ಗುಣಿಸಿದ ಮೊತ್ತಕ್ಕೆ ತಕ್ಕಂತೆ ಏರುತ್ತದೆ: 50 ತೂಕಕ್ಕೆ 25, 100ಕ್ಕೆ 100, 200ಕ್ಕೆ 400.

ಕುಂಟುವ ನಿಯಮ ಹಾಕಿದ್ದರೆ ಇಷ್ಟು ಏರಿಸಬೇಡಿ, ಒಂದೇ ರೋಗಕ್ಕೆ ಎರಡು ಮದ್ದಾಗುತ್ತದೆ.

ಹೆಜ್ಜೆ 8: ದಾಳ ಹಿಡಿದು ಆಡಿ ನೋಡಿ

ಒಂದೇ ಕಾಳಗವನ್ನು ಕನಿಷ್ಠ ನಾಲ್ಕು ಸಲ ಆಡಿ, ಎರಡು ಸಲದ ನಂತರ ಕುರ್ಚಿ ಬದಲಿಸಿ. ಒಳ್ಳೆಯ ಆಟಗಾರರ ಕೈಲಿ ಯಾವ ಪಡೆಯಾದರೂ ಬಲವಾಗಿ ಕಾಣುತ್ತದೆ, ಅದನ್ನು ನಿಯಮದ ತಲೆಗೆ ಕಟ್ಟಬಾರದು. ಪ್ರತಿ ಸುತ್ತಿನ ಕೊನೆಗೆ ಎರಡು ಅಂಕಿ ಬರೆಯಿರಿ: ದೊಡ್ಡದರ ಹಲ್ ಎಷ್ಟು, ಚಿಕ್ಕವು ಎಷ್ಟು ಉಳಿದಿವೆ. ಕಾಗದದ ಲೆಕ್ಕದಿಂದ ಯಾವ ಸುತ್ತಿನಲ್ಲಿ ದಾರಿ ಬೇರೆಯಾಯಿತೋ ಅಲ್ಲೇ ಹುಡುಕಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ.

ಒಂದಕ್ಕೆ ಆರು ಸರಿಹೋದ ಮೇಲೆ ಮಿಶ್ರ ಪಡೆಯನ್ನು ಕಣಕ್ಕಿಳಿಸಿ: ಎರಡು ಯುದ್ಧನೌಕೆ ಒಂದು ಕಡೆ, ಒಂದು ಯುದ್ಧನೌಕೆ ಮತ್ತು ಎರಡು ತಂಡ ಫ್ರಿಗೇಟ್ ಇನ್ನೊಂದು ಕಡೆ. ಆಮೇಲೆ ಇದೇ ಮಿಶ್ರ ಪಡೆಯನ್ನು ಬರಿಯ ಫ್ರಿಗೇಟುಗಳ ನಾಲ್ಕು ತಂಡದ ಎದುರು ನಿಲ್ಲಿಸಿ. ಎರಡರಲ್ಲೂ ಮಿಶ್ರ ಪಡೆ ಕೂದಲೆಳೆಯಷ್ಟು ಮುಂದಿರಬೇಕೆಂಬುದು ನನ್ನ ಆಸೆ. ಎರಡು ಗಾತ್ರದ ನೌಕೆಗಳೂ ಒಂದಕ್ಕೊಂದು ಬೇಕಾಗುವಂತಿದ್ದರೆ ತಾನೇ ಜನ ಎರಡನ್ನೂ ಮೇಜಿಗೆ ತರುವುದು.

ನಮ್ಮ ಪರೀಕ್ಷೆಯಲ್ಲಿ ಕೊನೆಗೆ ಉಳಿದದ್ದು ಒಂದೇ ದೂರು. ಕುಂಟುವ ನಿಯಮ ಬಂದ ಮೇಲೆ ಎಂಟು ಸುತ್ತು ತೀರಾ ಉದ್ದವಾಯಿತು, ಕೊನೆಯ ಮೂರು ಸುತ್ತು ಎಳೆದಾಡಿದಂತಿತ್ತು. ದಾಳದಲ್ಲಿ 6 ಬಿದ್ದರೆ ಒಂದರ ಬದಲು ಎರಡು ಪೆಟ್ಟು ಎಂದು ಮಾಡಿದೆವು. ಒಂದು ದಾಳದ ಸರಾಸರಿ ಅರ್ಧದಿಂದ ಮೂರರಲ್ಲಿ ಎರಡಕ್ಕೆ ಏರಿತು, ಎರಡೂ ಕಡೆಗೆ ಒಂದೇ ಪ್ರಮಾಣದಲ್ಲಿ. ಕಾಳಗ ಸುಮಾರು ಆರು ಸುತ್ತಿಗೆ ಬಂದು ನಿಂತಿತು.